ಗೋಲ್‌ಕೀಪರ್ ಆಗಿ ವಿದೇಶದಲ್ಲಿ ಆಡಬೇಕಾ? ಬೆಂಗಳೂರಿನಿಂದ ಹೊರಡುವ ಮುನ್ನ ಇದನ್ನು ಓದಿ

‘ಮಗ ಚೆನ್ನಾಗಿ ಗೋಲು ಕಾಯ್ತಾನೆ ಸರ್, ಯುರೋಪಿಗೆ ಕಳಿಸೋಕೆ ಏನು ಮಾಡಬೇಕು?’ ‘ಪೋರ್ಚುಗಲ್‌ನಲ್ಲಿ ಟ್ರಯಲ್ ಕೊಡಿಸ್ತೀವಿ ಅಂತ ಒಬ್ಬರು ದುಡ್ಡು ಕೇಳ್ತಿದ್ದಾರೆ, ಕೊಡಬಹುದಾ?’ ‘ನನಗೆ ಹದಿನಾರು ವರ್ಷ ಅಣ್ಣ, ಈಗಲೇ ಹೋಗಬಹುದಾ?’

ಇವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. 2025ರಲ್ಲಿ ದೇಶದ ದೊಡ್ಡ ಲೀಗ್ ಆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸಮಯಕ್ಕೆ ಶುರುವಾಗದೆ ಎಷ್ಟೋ ಆಟಗಾರರು ಕೈಕಟ್ಟಿ ಕೂರಬೇಕಾದ ಮೇಲಂತೂ ಇನ್ನೂ ಜಾಸ್ತಿಯಾಗಿವೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಹುಡುಗರಿಗೂ ಹುಡುಗಿಯರಿಗೂ ನಿಯಮ ಬಹುತೇಕ ಒಂದೇ.

ಹಂತಗಳಿಗೆ ಹೋಗುವ ಮುಂಚೆ ಒಂದು ವಿಷಯ ಮನಸ್ಸಿನಲ್ಲಿರಲಿ. ಗೋಲ್‌ಕೀಪರ್ ಲೆಕ್ಕ ಬೇರೆ ಆಟಗಾರರ ಲೆಕ್ಕದಂತಲ್ಲ. ಮುಂಪಡೆಯ ಆಟಗಾರನಿಗೆ ಕೊನೆಯ ಇಪ್ಪತ್ತು ನಿಮಿಷ ಸಿಕ್ಕರೂ ಸಿಗುತ್ತದೆ. ಕೀಪರ್‌ಗೆ ಹಾಗಿಲ್ಲ. ತಂಡದಲ್ಲಿ ಮೂವರು ಕೀಪರ್ ಇದ್ದರೆ ಒಬ್ಬರು ಆಡುತ್ತಾರೆ, ಇಬ್ಬರು ನೋಡುತ್ತಾರೆ. ನಮ್ಮ ಬೆಂಗಳೂರು ಎಫ್‌ಸಿಯ ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದರು. ಅಲ್ಲಿನ ಲೀಗ್‌ನಲ್ಲಿ ಮೊದಲ ಪಂದ್ಯ ಸಿಕ್ಕಿದ್ದು 2016ರಲ್ಲಿ. ಅದೇ ವರ್ಷ ಯುರೋಪಾ ಲೀಗ್ ಅರ್ಹತಾ ಪಂದ್ಯದಲ್ಲಿ ಆಡಿ, ಆ ಟೂರ್ನಿಯಲ್ಲಿ ಆಡಿದ ಮೊದಲ ಭಾರತೀಯ ಎನಿಸಿಕೊಂಡರು. ಆರೂವರೆ ಅಡಿ ಎತ್ತರದ, ಆಗಲೇ ದೇಶಕ್ಕೆ ಆಡಿದ್ದ ಕೀಪರ್ ಇಷ್ಟು ಕಾಯಬೇಕಾಯಿತು. ಹಾಗಾಗಿ ‘ಹೋಗೋದು ಹೇಗೆ’ ಎಂದು ಕೇಳುವಾಗಲೇ ‘ಹೋದ ಮೇಲೆ ಆಡ್ತೀನಾ’ ಎಂದೂ ಕೇಳಿಕೊಳ್ಳಿ. ಕೆಳಗಿನ ಎಲ್ಲ ಹಂತಗಳಲ್ಲೂ ನಾನು ಆ ಎರಡನೇ ಪ್ರಶ್ನೆಯ ಪರವಾಗಿಯೇ ಮಾತಾಡುತ್ತೇನೆ.

ಹಂತ 1: ನಿಮಗೆ 18 ತುಂಬಿದೆಯೇ?

ತುಂಬಿಲ್ಲ ಅಂದರೆ ಇಲ್ಲೇ ನಿಲ್ಲಿ. 18 ವರ್ಷದೊಳಗಿನವರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ನೋಂದಾಯಿಸಬಾರದು ಎಂಬುದು ಫಿಫಾ ನಿಯಮ. ಕೆಲವು ವಿನಾಯಿತಿ ಇವೆ. ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ, ಅಂದರೆ ಅಪ್ಪನಿಗೋ ಅಮ್ಮನಿಗೋ ಅಲ್ಲಿ ಕೆಲಸ ಸಿಕ್ಕಿ ಮನೆಯವರೆಲ್ಲ ಹೋದರೆ, ಮಗುವೂ ಅಲ್ಲಿ ಆಡಬಹುದು. 16ರಿಂದ 18ರವರೆಗಿನ ಇನ್ನೊಂದು ವಿನಾಯಿತಿ ಯುರೋಪಿನ ಒಳಗಿನ ವರ್ಗಾವಣೆಗೆ. ಅದು ನಮಗೆ ಅನ್ವಯಿಸುವುದಿಲ್ಲ.

ಇಲ್ಲೇ ಜನ ಎಡವುತ್ತಾರೆ. ‘ಅಪ್ಪನಿಗೆ ಅಲ್ಲೊಂದು ಕೆಲಸ ತೋರಿಸಿಬಿಡೋಣ’ ಎನ್ನುವ ಮಧ್ಯವರ್ತಿಗಳಿದ್ದಾರೆ. ಮಗುವಿನ ಆಟಕ್ಕಾಗಿಯೇ ಮನೆ ಬದಲಾಯಿಸಿದ್ದು ಎಂದು ಕಂಡರೆ ಫಿಫಾ ಅರ್ಜಿಯನ್ನು ತಳ್ಳಿಹಾಕುತ್ತದೆ. ಆಮೇಲೆ ಹುಡುಗ ಅಲ್ಲೂ ಆಡುವಂತಿಲ್ಲ, ಇಲ್ಲೂ ಒಂದು ವರ್ಷ ಹಾಳು.

ಹದಿನಾರು, ಹದಿನೇಳರಲ್ಲಿ ಮಾಡಬೇಕಾದ್ದು ಬೇರೆಯೇ ಇದೆ. ಎಸ್‌ಎಸ್‌ಎಲ್‌ಸಿ ಮುಗಿಸಿ. ಇದು ಬುದ್ಧಿವಾದ ಅಲ್ಲ, ಪಾಸ್‌ಪೋರ್ಟ್ ವಿಚಾರ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ಗುಂಪಿಗೆ ಬರುತ್ತದೆ. ಅಂದರೆ ಕೊಲ್ಲಿ ರಾಷ್ಟ್ರಗಳು, ಮಲೇಷ್ಯಾ ಮುಂತಾದ ಕಡೆ ಕೆಲಸಕ್ಕೆ ಹೋಗಲು ಸರ್ಕಾರದ ಪ್ರತ್ಯೇಕ ಅನುಮತಿ ಬೇಕು. ಆಟಕ್ಕಾಗಿ ಓದು ಬಿಟ್ಟವರಿಗೆ ಇದು ಮುಂದೆ ತಲೆನೋವಾಗುತ್ತದೆ.

ಹಂತ 2: ಮೊದಲು ಇಲ್ಲಿ ಪಂದ್ಯ ಆಡಿ, ದೊಡ್ಡ ಮೈದಾನದಲ್ಲಿ ಆಡಿ

ಬೆಂಗಳೂರಿನಲ್ಲಿ ಈಗ ಗಲ್ಲಿಗೊಂದು ಬಾಡಿಗೆ ಟರ್ಫ್ ಇದೆ. ಗಂಟೆಗಿಷ್ಟು ಎಂದು ಕೊಟ್ಟು ಐದೈದು ಜನ ಆಡುತ್ತಾರೆ. ರಿಫ್ಲೆಕ್ಸ್ ಚುರುಕಾಗಲು ಅದು ಒಳ್ಳೆಯದೇ. ಆದರೆ ಅಲ್ಲೇ ಬೆಳೆದ ಕೀಪರ್‌ನ ಕೊರತೆಯನ್ನು ನಾನು ಮೈದಾನದ ಆಚೆಯಿಂದಲೇ ಹೇಳಬಲ್ಲೆ. ಮೂಲೆಯಿಂದ ಎತ್ತರಕ್ಕೆ ತೇಲಿ ಬರುವ ಕ್ರಾಸ್‌ಗೆ ಅವನ ಪಾದ ಗೆರೆಯ ಮೇಲೇ ಅಂಟಿಕೊಂಡಿರುತ್ತದೆ. ಚಿಕ್ಕ ಟರ್ಫ್‌ನಲ್ಲಿ ಅಂಥ ಚೆಂಡು ಬರುವುದೇ ಇಲ್ಲ. ನಿಜವಾದ ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಮುಂದೆ 16.5 ಮೀಟರ್ ಆಳದ ಪೆನಾಲ್ಟಿ ಪ್ರದೇಶ. ಅಷ್ಟೂ ಜಾಗ ನಿಮ್ಮದು ಎಂದು ಮೈಗೆ ಗೊತ್ತಾಗಬೇಕಾದರೆ ಹನ್ನೊಂದು ಜನರ ಪಂದ್ಯವೇ ಬೇಕು.

ಅದಕ್ಕೆ ದಾರಿ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಲೀಗ್. ಕೆಳಗಿನ ಡಿವಿಷನ್‌ಗಳಲ್ಲಿ ಶುರು ಮಾಡಿ ಸೂಪರ್ ಡಿವಿಷನ್‌ಗೆ ಬನ್ನಿ. ಎಂಇಜಿ, ಎಎಸ್‌ಸಿಯಂಥ ಸೇನಾ ತಂಡಗಳ ಗಟ್ಟಿ ಆಳುಗಳು ಕಾರ್ನರ್‌ನಲ್ಲಿ ನಿಮ್ಮ ಮೈಮೇಲೆ ಬಂದು ನಿಲ್ಲುತ್ತಾರೆ. ಆ ನೂಕಾಟದಲ್ಲಿ ಚೆಂಡು ಹಿಡಿಯುವುದನ್ನು ಯಾವ ಅಕಾಡೆಮಿಯೂ ಕಲಿಸುವುದಿಲ್ಲ. ಐಎಸ್‌ಎಲ್ ಕ್ಲಬ್‌ನ ಕಿರಿಯರ ತಂಡದಲ್ಲಿದ್ದರೆ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಇದೆ. 2022ರಲ್ಲಿ ಅದರ ಮೊದಲ ಟೂರ್ನಿ ಗೆದ್ದ ಬೆಂಗಳೂರು ಎಫ್‌ಸಿ ಹುಡುಗರು ಬ್ರಿಟನ್‌ಗೆ ಹೋಗಿ ನೆಕ್ಸ್ಟ್ ಜೆನ್ ಕಪ್‌ನಲ್ಲಿ ಅಲ್ಲಿನ ಕ್ಲಬ್‌ಗಳ ಕಿರಿಯರ ಎದುರು ಆಡಿ ಬಂದರು. ಹುಡುಗಿಯರಿಗೆ ಕಿಕ್‌ಸ್ಟಾರ್ಟ್‌ನಂಥ ಕ್ಲಬ್‌ಗಳ ಮೂಲಕ ಇಂಡಿಯನ್ ವುಮೆನ್ಸ್ ಲೀಗ್ ಬಾಗಿಲು ತೆರೆದಿದೆ.

ದೊಡ್ಡ ಕ್ಲಬ್‌ನಲ್ಲಿ ಮೂರನೇ ಕೀಪರ್ ಆಗಿ ಹೊಸ ಜೆರ್ಸಿ ಹಾಕಿ ಕೂರುವುದಕ್ಕಿಂತ, ಚಿಕ್ಕ ಕ್ಲಬ್‌ನಲ್ಲಿ ಪ್ರತಿ ವಾರ ಆಡುವುದು ಮೇಲು. ವಿದೇಶಿ ಕ್ಲಬ್‌ನ ಗೋಲ್‌ಕೀಪಿಂಗ್ ಕೋಚ್ ನಿಮ್ಮ ಬಗ್ಗೆ ಮೊದಲು ನೋಡುವುದು ಆಡಿದ ನಿಮಿಷಗಳನ್ನೇ.

ಹಂತ 3: ಹೆಸರು, ಜನ್ಮದಿನ, ದಾಖಲೆ

ಈ ಹಂತವನ್ನು ಎಲ್ಲರೂ ಸುಮ್ನೆ ದಾಟಿಬಿಡುತ್ತಾರೆ. ಆಮೇಲೆ ಇದೇ ಕಾಡುತ್ತದೆ.

ನಮ್ಮ ಕಡೆ ಹೆಸರಿನ ಕಥೆ ನಿಮಗೆ ಗೊತ್ತೇ ಇದೆ. ಶಾಲೆಯಲ್ಲಿ ‘ಮಂಜುನಾಥ ಆರ್’. ಆಧಾರ್‌ನಲ್ಲಿ ‘ಮಂಜುನಾಥ್ ರಾಮಯ್ಯ’. ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಕ್ಲಬ್‌ನವರು ನೋಂದಾಯಿಸಿದ್ದು ‘ಆರ್. ಮಂಜು’. ಇಲ್ಲಿ ಎಲ್ಲರಿಗೂ ಇದು ಒಬ್ಬನೇ ಹುಡುಗ ಎಂದು ಅರ್ಥವಾಗುತ್ತದೆ. ಆದರೆ ಅಂತರರಾಷ್ಟ್ರೀಯ ವರ್ಗಾವಣೆ ನಡೆಯುವುದು ಫಿಫಾದ ಆನ್‌ಲೈನ್ ವ್ಯವಸ್ಥೆಯಲ್ಲಿ. ಅಲ್ಲಿ ನಾಲ್ಕು ಹೆಸರು ಅಂದರೆ ನಾಲ್ಕು ಜನ ಎಂದೇ ಲೆಕ್ಕ. ವರ್ಗಾವಣೆ ಕಿಟಕಿ ಮುಚ್ಚಲು ಎರಡು ದಿನ ಇರುವಾಗ ಇದು ಬೆಳಕಿಗೆ ಬಂದರೆ ಏನೂ ಮಾಡಲಾಗದು. ವರ್ಗಾವಣೆ ಕಿಟಕಿ ಅಂದರೆ ಕ್ಲಬ್‌ಗಳು ಹೊಸಬರನ್ನು ನೋಂದಾಯಿಸಲು ಇರುವ ನಿಗದಿತ ಅವಧಿ. ವರ್ಷಕ್ಕೆ ಎರಡು ಸಲ ತೆರೆಯುತ್ತದೆ.

ಹಾಗಾಗಿ ಹೀಗೆ ಮಾಡಿ. ಮೊದಲು ಜನನ ಪ್ರಮಾಣಪತ್ರ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಪಕ್ಕಪಕ್ಕ ಇಟ್ಟು ಹೆಸರಿನ ಒಂದೊಂದು ಅಕ್ಷರ, ಜನ್ಮದಿನ ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ ಅದನ್ನು ಮೊದಲು ಸರಿಪಡಿಸಿ. ಆಮೇಲೆ ಅದೇ ರೀತಿ ಪಾಸ್‌ಪೋರ್ಟ್ ಮಾಡಿಸಿ. ಇನಿಷಿಯಲ್ ಬಿಡಿಸಿ ಪೂರ್ತಿ ಬರೆಸಿ, ಮನೆತನದ ಹೆಸರಿನ ಜಾಗ ಖಾಲಿ ಬಿಡಬೇಡಿ. ಕೊನೆಗೆ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನೇ ಕ್ಲಬ್ ಮೂಲಕ ಎಐಎಫ್‌ಎಫ್ ನೋಂದಣಿಯಲ್ಲೂ ಹಾಕಿಸಿ. ಎಐಎಫ್‌ಎಫ್ ಅಂದರೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್.

ವಯಸ್ಸಿನ ವಿಚಾರದಲ್ಲಿ ಕಟ್ಟುನಿಟ್ಟಾಗಿ ಹೇಳುತ್ತೇನೆ. ಕಿರಿಯರ ಟೂರ್ನಿ ಆಡಲು ಎರಡು ವರ್ಷ ಕಮ್ಮಿ ತೋರಿಸುವ ಚಾಳಿ ನಮ್ಮಲ್ಲಿ ಇನ್ನೂ ಇದೆ. ಆ ಸುಳ್ಳು ಒಂದು ಸಲ ದಾಖಲೆಗೆ ಸೇರಿದರೆ ಮುಂದೆ ವೀಸಾ ಅರ್ಜಿಯ ತನಕ ಬೆನ್ನು ಬಿಡುವುದಿಲ್ಲ. ತಂದೆತಾಯಿಗಳೇ, ಕೋಚ್ ಹೇಳಿದರೂ ಒಪ್ಪಬೇಡಿ.

ಹಂತ 4: ವಿಡಿಯೋ

ನಿಮ್ಮನ್ನು ನೋಡಲು ನಾರ್ವೆಯಿಂದ ಯಾರೂ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂಗೆ ಬರುವುದಿಲ್ಲ. ವಿಡಿಯೋವೇ ಮಾತಾಡಬೇಕು. ಆದರೆ ನನಗೆ ಬರುವ ವಿಡಿಯೋಗಳಲ್ಲಿ ಬಹುಪಾಲು ಒಂದೇ ಥರ ಇರುತ್ತವೆ. ಅಬ್ಬರದ ಹಾಡು, ಸ್ಲೋ ಮೋಷನ್, ಗಾಳಿಯಲ್ಲಿ ಹಾರುವ ದೃಶ್ಯ. ಇಂಥದ್ದನ್ನು ಕೋಚ್ ಅರ್ಧ ನಿಮಿಷ ನೋಡಿ ಮುಚ್ಚುತ್ತಾರೆ.

ಚಿತ್ರೀಕರಣದಿಂದಲೇ ಶುರು ಮಾಡೋಣ. ಗೋಲಿನ ಹಿಂದೆ ಫೋನ್ ಹಿಡಿದು ನಿಂತರೆ ನಿಮ್ಮ ಬೆನ್ನು ಮಾತ್ರ ಕಾಣುತ್ತದೆ. ತಮ್ಮನನ್ನೋ ಗೆಳೆಯನನ್ನೋ ಗ್ಯಾಲರಿಯಲ್ಲಿ ಆದಷ್ಟು ಮೇಲೆ, ನಿಮ್ಮ ಪೆನಾಲ್ಟಿ ಪ್ರದೇಶದ ನೇರಕ್ಕೆ ನಿಲ್ಲಿಸಿ. ಫೋನ್ ಸ್ಟ್ಯಾಂಡ್ ಮೇಲಿರಲಿ. ನೀವೂ ನಿಮ್ಮ ರಕ್ಷಣಾ ಸಾಲೂ ಒಟ್ಟಿಗೆ ಕಾಣಬೇಕು. ಚೆಂಡು ಆಚೆ ಗೋಲಿನ ಹತ್ತಿರ ಇದ್ದಾಗಲೂ ನಿಮ್ಮ ಮೇಲೇ ಇರಲಿ. ಚೆಂಡು ದೂರ ಇದ್ದಾಗ ಕೀಪರ್ ಎಲ್ಲಿ ನಿಂತಿದ್ದಾನೆ ಎಂಬುದರಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಕತ್ತರಿಸುವಾಗ ನಾಲ್ಕೈದು ನಿಮಿಷಕ್ಕೆ ಇಳಿಸಿ. ಕ್ರಾಸ್ ಹಿಡಿದದ್ದು, ಒಬ್ಬನೇ ನುಗ್ಗಿ ಬಂದವನನ್ನು ತಡೆದದ್ದು, ರಕ್ಷಣಾ ಸಾಲಿನ ಹಿಂದೆ ಬಿದ್ದ ಚೆಂಡಿಗೆ ಓಡಿ ಬಂದದ್ದು, ಒತ್ತಡದಲ್ಲಿ ಎರಡೂ ಕಾಲಿನಿಂದ ಪಾಸ್ ಕೊಟ್ಟದ್ದು, ಕೈಯಿಂದ ದೂರಕ್ಕೆ ಎಸೆದದ್ದು, ಎಲ್ಲವೂ ಬರಲಿ. ಪ್ರತಿ ತುಣುಕೂ ಹೊಡೆತಕ್ಕೆ ಏಳೆಂಟು ಸೆಕೆಂಡ್ ಮುಂಚಿನಿಂದ ಶುರುವಾಗಲಿ. ನೀವು ಬಿಟ್ಟುಕೊಟ್ಟ ಒಂದೆರಡು ಗೋಲುಗಳನ್ನೂ ಸೇರಿಸಿ. ಗೋಲು ಬಿದ್ದ ಮರುಕ್ಷಣ ನೀವು ತಲೆ ತಗ್ಗಿಸಿ ಬಲೆ ಒದೆಯುತ್ತೀರೋ, ಚೆಂಡು ತೆಗೆದುಕೊಟ್ಟು ರಕ್ಷಕರನ್ನು ಜಾಗಕ್ಕೆ ಕಳಿಸುತ್ತೀರೋ? ಕೋಚ್ ನೋಡುವುದು ಅದನ್ನೇ. ಜೊತೆಗೆ ಒಂದೆರಡು ಪೂರ್ತಿ ಪಂದ್ಯದ ಕೊಂಡಿ ಕಳಿಸಿ. ಅದರಲ್ಲಿ ಒಂದು ಸೋತ ಪಂದ್ಯ ಆಗಿರಲಿ.

ಪರಿಚಯ ಪತ್ರ ಒಂದೇ ಪುಟ ಸಾಕು. ಜನ್ಮದಿನ, ಬೂಟಿಲ್ಲದೆ ಅಳೆದ ಎತ್ತರ, ಯಾವ ಕಾಲು ಬಲ, ಯಾವ ದೇಶದ ಪಾಸ್‌ಪೋರ್ಟ್, ಸೀಸನ್‌ವಾರು ಆಡಿದ ನಿಮಿಷಗಳು, ಈಗಿನ ಒಪ್ಪಂದ ಮುಗಿಯುವ ದಿನ. ಎತ್ತರ ಜಾಸ್ತಿ ಬರೆಯಬೇಡಿ. ಟ್ರಯಲ್‌ಗೆ ಹೋದ ದಿನವೇ ಅಳೆಯುತ್ತಾರೆ.

ಹಂತ 5: ಯಾವ ದೇಶ?

ಟಿವಿಯಲ್ಲಿ ನೋಡುವ ಲೀಗ್‌ಗಳಿಂದ ಶುರು ಮಾಡಿದರೆ ನಿರಾಸೆ ಖಂಡಿತ. ಇಂಗ್ಲೆಂಡ್‌ನಲ್ಲಿ ವಿದೇಶಿ ಆಟಗಾರರಿಗೆ ಅಂಕ ಆಧಾರಿತ ಅನುಮತಿ ಇದೆ. ದೇಶದ ಫಿಫಾ ಶ್ರೇಯಾಂಕ, ಆಡಿದ ಲೀಗ್‌ನ ಮಟ್ಟ ಎಲ್ಲಕ್ಕೂ ಅಂಕ. ನಮ್ಮಿಂದ ನೇರವಾಗಿ ಅಷ್ಟು ಅಂಕ ಸೇರುವುದು ಬಹಳ ಕಷ್ಟ. ಹಿಂದೆಯೂ ಹೀಗೇ ಇತ್ತು. 2009ರಲ್ಲಿ ಸುನಿಲ್ ಛೆಟ್ರಿಯಂಥ ಆಟಗಾರನಿಗೇ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಸೇರಲು ಕೆಲಸದ ಪರವಾನಗಿ ಸಿಗಲಿಲ್ಲ. ಕಾರಣ ಭಾರತದ ಶ್ರೇಯಾಂಕ. ನೆದರ್ಲ್ಯಾಂಡ್ಸ್‌ನಲ್ಲಿ ಯುರೋಪಿನ ಹೊರಗಿನವರಿಗೆ ಅಲ್ಲಿನ ಮೊದಲ ದರ್ಜೆ ಲೀಗ್‌ನ ಸರಾಸರಿ ಸಂಬಳದ ಒಂದೂವರೆ ಪಟ್ಟು ಕೊಡಬೇಕು. 18–19 ವಯಸ್ಸಿನವರಿಗೆ ಅದರ ಅರ್ಧ. ಹೊಸ ಕೀಪರ್ ಮೇಲೆ ಯಾವ ಕ್ಲಬ್ ಅಷ್ಟು ಸುರಿಯುತ್ತದೆ ಹೇಳಿ? ಜರ್ಮನಿಯಲ್ಲೂ ಕನಿಷ್ಠ ಸಂಬಳದ ಷರತ್ತು ಇದೆ.

ಕೀಪರ್‌ಗಳಿಗೆ ಮಾತ್ರ ಇರುವ ತಡೆಗಳೂ ಇವೆ. ದಕ್ಷಿಣ ಕೊರಿಯಾದ ಲೀಗ್ 1999ರಿಂದ ವಿದೇಶಿ ಗೋಲ್‌ಕೀಪರ್‌ಗಳನ್ನು ನಿಷೇಧಿಸಿತ್ತು. 2026ರ ಸೀಸನ್‌ನಿಂದಷ್ಟೇ ಅದನ್ನು ತೆಗೆದಿದೆ. ಚೀನಾದಲ್ಲೂ 2001ರಿಂದ ಇಂಥ ನಿಷೇಧ ಬಂತು. ನಿಷೇಧ ಇಲ್ಲದ ಕಡೆಯೂ ವಿದೇಶಿಯರಿಗೆ ಮಿತಿ ಇರುತ್ತದೆ. ಇರುವ ನಾಲ್ಕೈದು ಜಾಗವನ್ನು ಕ್ಲಬ್‌ಗಳು ಗೋಲು ಹೊಡೆಯುವವರಿಗೇ ಇಡುತ್ತವೆ.

ಹಾಗಾದರೆ ಉಳಿದದ್ದು? ನಾರ್ವೆ, ಸ್ವೀಡನ್‌ನಂಥ ನಾರ್ಡಿಕ್ ದೇಶಗಳ ಎರಡನೇ, ಮೂರನೇ ಹಂತ, ಪೋರ್ಚುಗಲ್‌ನ ಕೆಳಗಿನ ಲೀಗ್‌ಗಳು, ಆಗ್ನೇಯ ಏಷ್ಯಾ, ನೆರೆಯ ದೇಶಗಳು. ನೇಪಾಳ, ಬಾಂಗ್ಲಾ, ಮಾಲ್ಡೀವ್ಸ್ ಅಂದರೆ ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ. ಅಲ್ಲಿ ಒಂದು ಸೀಸನ್ ಪೂರ್ತಿ ಆಡಿದವರು ಯುರೋಪಿನಲ್ಲಿ ಬೆಂಚು ಕಾದವರಿಗಿಂತ ಮುಂದಿರುತ್ತಾರೆ.

ಕ್ಲಬ್ ಪಟ್ಟಿ ಮಾಡಿದ ಮೇಲೆ ಪ್ರತಿ ಕ್ಲಬ್‌ನ ಕೀಪರ್‌ಗಳ ವಯಸ್ಸು, ಅವರ ಒಪ್ಪಂದ ಮುಗಿಯುವ ವರ್ಷ ಹುಡುಕಿ. ಮೊದಲ ಕೀಪರ್‌ಗೆ 24, ಮೂರು ವರ್ಷದ ಒಪ್ಪಂದ ಇದೆ ಅಂದರೆ ಆ ಹೆಸರು ಹೊಡೆದುಹಾಕಿ. ಮೂವತ್ತೈದು ದಾಟಿದವರು ಇದ್ದರೆ ಆ ಹೆಸರಿನ ಕೆಳಗೆ ಗೆರೆ ಎಳೆದು ಇಟ್ಟುಕೊಳ್ಳಿ.

ಓದಿನ ದಾರಿಯೂ ಇದೆ. ಅದಿತಿ ಚೌಹಾಣ್ ಬ್ರಿಟನ್‌ನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಓದುತ್ತಾ 2015ರಲ್ಲಿ ವೆಸ್ಟ್ ಹ್ಯಾಮ್ ಮಹಿಳಾ ತಂಡದ ಗೋಲ್‌ಕೀಪರ್ ಆದರು. ಆದರೆ ಎಚ್ಚರ, ಬ್ರಿಟನ್‌ನ ವಿದ್ಯಾರ್ಥಿ ವೀಸಾದಲ್ಲಿ ವೃತ್ತಿಪರ ಆಟಗಾರರಾಗಿ ದುಡಿಯುವಂತಿಲ್ಲ. ಅಮೆರಿಕದ ಕಾಲೇಜು ವಿದ್ಯಾರ್ಥಿವೇತನದ ಆಸೆ ಇದ್ದರೆ ಇಲ್ಲಿ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಆ ಕಾಲೇಜನ್ನು ವಿಚಾರಿಸಿ. ಸಹಿ ಹಾಕಿದ್ದರೆ ಅಲ್ಲಿ ಆಡುವ ಅರ್ಹತೆಗೆ ತೊಡಕಾಗಬಹುದು.

ಹಂತ 6: ಏಜೆಂಟ್

ಫಿಫಾ ಪರವಾನಗಿ ಇರುವವರು ಮಾತ್ರ ಏಜೆಂಟ್ ಕೆಲಸ ಮಾಡಬಹುದು. ಅದಕ್ಕೆ ಪರೀಕ್ಷೆ ಇದೆ, ಹೆಸರುಗಳ ಪಟ್ಟಿ ಫಿಫಾ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ‘ನಿಮ್ಮ ಪರವಾನಗಿ ಸಂಖ್ಯೆ ಕೊಡಿ’ ಎಂದು ಮೊದಲ ಭೇಟಿಯಲ್ಲೇ ಕೇಳಿ. ಇದರಲ್ಲಿ ಸಂಕೋಚ ಏನೂ ಬೇಡ. ಆಟಗಾರನ ಜೊತೆಗಿನ ಏಜೆಂಟ್ ಒಪ್ಪಂದ ಎರಡು ವರ್ಷ ಮೀರುವಂತಿಲ್ಲ, ತಾನಾಗಿ ಮುಂದುವರಿಯುವಂತೆಯೂ ಇಲ್ಲ. ಐದು ವರ್ಷಕ್ಕೆ ಬರೆಸಿಕೊಳ್ಳುವವರು ಬಂದರೆ ಎದ್ದು ಬನ್ನಿ.

ದುಡ್ಡಿನ ವಿಚಾರ. ನಿಜವಾದ ಏಜೆಂಟ್‌ನ ಸಂಪಾದನೆ ನಿಮಗೆ ಒಪ್ಪಂದ ಸಿಕ್ಕ ಮೇಲೆ ಬರುತ್ತದೆ. ನಿಜವಾದ ಕ್ಲಬ್ ಟ್ರಯಲ್‌ಗೆ ಶುಲ್ಕ ಕೇಳುವುದಿಲ್ಲ. ‘ಟ್ರಯಲ್ ಪ್ಯಾಕೇಜ್’ ಎಂದು ಲಕ್ಷಗಟ್ಟಲೆ ಕೇಳಿ, ಹೋದ ಮೇಲೆ ಯಾವುದೋ ಊರಾಚೆ ಮೈದಾನದಲ್ಲಿ ನಿಮ್ಮಂತೆಯೇ ದುಡ್ಡು ಕೊಟ್ಟು ಬಂದವರ ಜೊತೆ ಆಡಿಸಿ ವಾಪಸ್ ಕಳಿಸುವ ದಂಧೆ ಇದೆ. ಮನೆ ಒಡವೆ ಅಡ ಇಟ್ಟು ಕೊಟ್ಟವರ ಕರೆ ಬಂದಾಗ ಹೊಟ್ಟೆ ಉರಿಯುತ್ತದೆ. ಆಹ್ವಾನ ಪತ್ರ ಬಂದರೆ ಅದರಲ್ಲಿರುವ ನಂಬರಿಗೆ ಕರೆ ಮಾಡಬೇಡಿ. ಕ್ಲಬ್‌ನ ಅಧಿಕೃತ ಜಾಲತಾಣದಿಂದ ಇಮೇಲ್ ವಿಳಾಸ ತೆಗೆದು ‘ಈ ಪತ್ರ ನಿಮ್ಮದೇ?’ ಎಂದು ನೇರವಾಗಿ ಕೇಳಿ.

ಏಜೆಂಟ್ ಇಲ್ಲದೆಯೂ ಪ್ರಯತ್ನಿಸಬಹುದು. ಚಿಕ್ಕ ಕ್ಲಬ್‌ನ ಗೋಲ್‌ಕೀಪಿಂಗ್ ಕೋಚ್‌ಗೆ ವಿಡಿಯೋ ಸಮೇತ ನಾಲ್ಕು ಸಾಲಿನ ಇಮೇಲ್ ಬರೆಯಿರಿ. ಅಧ್ಯಕ್ಷರಿಗೆ ಬರೆದು ಪ್ರಯೋಜನವಿಲ್ಲ.

ಹಂತ 7: ಟ್ರಯಲ್

ಈಗಿನ ಕ್ಲಬ್‌ನಲ್ಲಿ ನೋಂದಣಿ ಇದ್ದರೆ ಅವರ ಲಿಖಿತ ಒಪ್ಪಿಗೆ ಪಡೆದೇ ಹೋಗಿ. ಒಪ್ಪಂದದ ಕೊನೆಯ ಆರು ತಿಂಗಳಿಗೆ ಬಂದಿದ್ದರೆ ಬೇರೆ ಕ್ಲಬ್ ಜೊತೆ ನೀವೇ ಮಾತಾಡಿ ಸಹಿಯನ್ನೂ ಹಾಕಬಹುದು. ಅದಕ್ಕೆ ಮುಂಚೆ ಕದ್ದುಮುಚ್ಚಿ ಮಾತಾಡಬೇಡಿ.

ಯುರೋಪಿನ ಷೆಂಗೆನ್ ದೇಶಗಳ ಭೇಟಿ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅದಕ್ಕೆ ಕನಿಷ್ಠ 30,000 ಯೂರೊ ಮೊತ್ತದ ಆರೋಗ್ಯ ವಿಮೆ ಬೇಕು. ಏಜೆನ್ಸಿಯಲ್ಲಿ ಸಿಗುವ ಅಗ್ಗದ ವಿಮೆಗಳು ವೃತ್ತಿಪರ ಕ್ರೀಡೆಯ ಗಾಯಕ್ಕೆ ದುಡ್ಡು ಕೊಡುವುದಿಲ್ಲ. ಆ ಸಾಲನ್ನು ಓದಿ, ಬೇಕಾದ್ದನ್ನು ಸೇರಿಸಿಕೊಳ್ಳಿ. ಭೇಟಿ ವೀಸಾದಲ್ಲಿ ಸಂಬಳಕ್ಕೆ ಆಡಬೇಡಿ, ‘ಪೇಪರ್ ಆಮೇಲೆ ಮಾಡೋಣ’ ಎಂದು ಕ್ಲಬ್ ಹೇಳಿದರೂ.

ಮೈದಾನದಲ್ಲಿ ಏನು ನೋಡುತ್ತಾರೆ? ಮೊದಲ ದಿನದ ಅಭ್ಯಾಸವನ್ನೇ ತೆಗೆದುಕೊಳ್ಳಿ. ನಿಮ್ಮದೇ ರಕ್ಷಕ ಹಿಂದಕ್ಕೆ ಪಾಸ್ ಕೊಡುತ್ತಾನೆ, ಅದೂ ಬೇಕೆಂದೇ ಎಡಗಾಲಿಗೆ. ಎದುರಾಳಿ ಹತ್ತು ಹೆಜ್ಜೆ ದೂರದಿಂದ ಓಡಿ ಬರುತ್ತಿದ್ದಾನೆ. 1992ರಿಂದ ಕಾಲಿನಲ್ಲಿ ಕೊಟ್ಟ ಹಿಂಪಾಸನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಅಲ್ವಾ? ಚೆಂಡು ಬರುವ ಮುಂಚೆ ನೀವು ಎರಡೂ ಬದಿ ತಲೆ ತಿರುಗಿಸಿ ನೋಡಿದ್ದೀರಾ? ಮೊದಲ ಸ್ಪರ್ಶ ಚೆಂಡನ್ನು ಕಾಲಡಿ ಕಟ್ಟಿಹಾಕಿತೋ, ಪಾಸ್ ಕೊಡುವ ದಿಕ್ಕಿಗೆ ತೆರೆಯಿತೋ? ಹೆದರಿ ಗ್ಯಾಲರಿಗೆ ಒದ್ದರೆ ಸಂಜೆಯ ಹೊತ್ತಿಗೆ ನಿರ್ಧಾರ ಆಗಿರುತ್ತದೆ. ಹಾರಿ ಹಿಡಿಯುವ ಕೀಪರ್‌ಗಳು ಅವರಲ್ಲಿ ಬೇಕಾದಷ್ಟಿದ್ದಾರೆ.

ಚೆಂಡು ಹಿಡಿದ ಮೇಲೆ ಎಂಟು ಸೆಕೆಂಡಿನೊಳಗೆ ಬಿಡಬೇಕು ಎಂಬ ನಿಯಮ 2025–26ರಿಂದ ಬಂದಿದೆ. ಕೊನೆಯ ಐದು ಸೆಕೆಂಡನ್ನು ರೆಫ್ರಿ ಕೈ ಎತ್ತಿ ಎಣಿಸುತ್ತಾರೆ. ಮೀರಿದರೆ ಎದುರಾಳಿಗೆ ಕಾರ್ನರ್. ಇಲ್ಲಿನ ಅಭ್ಯಾಸ ಪಂದ್ಯಗಳಲ್ಲಿ ನಿಧಾನ ಮಾಡುವ ರೂಢಿ ಇದ್ದರೆ ಈಗಲೇ ಬಿಡಿ.

ಇನ್ನು ದನಿ. ‘ನಂದು’, ‘ಆಚೆ ಹೊಡಿ’, ‘ತಿರುಗು’, ‘ಹಿಂದೆ ಒಬ್ಬ ಇದ್ದಾನೆ’, ‘ಟೈಮ್ ಇದೆ’ ಇಂಥ ಹತ್ತು ಕೂಗುಗಳನ್ನು ಆ ದೇಶದ ಭಾಷೆಯಲ್ಲಿ ಕಲಿತು ಹೋಗಿ. ಯೋಚಿಸದೆ ಬಾಯಿಗೆ ಬರುವಷ್ಟು ಉರುಹೊಡೆಯಿರಿ. ಸುಮ್ಮನೆ ನಿಲ್ಲುವ ಕೀಪರ್‌ನನ್ನು ಯಾವ ರಕ್ಷಕನೂ ನಂಬುವುದಿಲ್ಲ.

ಗ್ಲೌಸ್ ಕನಿಷ್ಠ ಮೂರು ಜೊತೆ ಇರಲಿ. ನಮ್ಮ ಕೃತಕ ಹುಲ್ಲಿನಲ್ಲಿ ಉಜ್ಜಿದ ಗ್ಲೌಸ್‌ನ ಅಂಗೈ ನೋಡಿ, ಲೇಟೆಕ್ಸ್ ಪುಡಿಪುಡಿಯಾಗಿ ಉದುರಿರುತ್ತದೆ. ಅದನ್ನು ಹಾಕಿಕೊಂಡು ಮಳೆಯಲ್ಲಿ ಒದ್ದೆ ಚೆಂಡು ಹಿಡಿಯಲಾಗದು. ಹೊಸದನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಒಂದೆರಡು ಸಲ ಬಳಸಿಯೇ ಒಯ್ಯಿರಿ. ಬಿಸಿಲಿಗೆ ಒಣಹಾಕಬೇಡಿ, ನೆರಳಲ್ಲಿ ಒಣಗಲಿ.

ಹಂತ 8: ಒಪ್ಪಂದ

ಒಪ್ಪಂದ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಲಿ. ಅಲ್ಲಿನ ಭಾಷೆಯಲ್ಲಿ ಮಾತ್ರ ಇದ್ದರೆ ಅನುವಾದ ಕೇಳಿ. ಒಪ್ಪಂದದ ಗರಿಷ್ಠ ಅವಧಿ ಐದು ವರ್ಷ, ಕನಿಷ್ಠ ಎಂದರೆ ಆ ಸೀಸನ್ ಮುಗಿಯುವವರೆಗೆ. ಸಂಬಳ ತೆರಿಗೆ ಕಳೆದು ಎಷ್ಟು, ಕಳೆಯದೆ ಎಷ್ಟು ಎಂದು ಬರೆಸಿ. ಯುರೋಪಿನ ಕೆಲವು ದೇಶಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆರಿಗೆಗೇ ಹೋಗುತ್ತದೆ. ಮನೆ ಬಾಡಿಗೆ ಯಾರದ್ದು, ವರ್ಷಕ್ಕೆ ಎಷ್ಟು ಸಲ ಊರಿಗೆ ಟಿಕೆಟ್, ಗಾಯವಾದರೆ ಚಿಕಿತ್ಸೆ ಮತ್ತು ಸಂಬಳ ಯಾರು ಕೊಡುತ್ತಾರೆ, ತಂಡ ಕೆಳಗಿನ ಲೀಗ್‌ಗೆ ಇಳಿದರೆ ಸಂಬಳ ಕಡಿತವಾಗುತ್ತದೆಯೇ, ಇಷ್ಟನ್ನು ಕೇಳದೆ ಪೆನ್ನು ಹಿಡಿಯಬೇಡಿ.

‘ವೈದ್ಯಕೀಯ ಪರೀಕ್ಷೆ ಪಾಸಾದರೆ ಮಾತ್ರ ಒಪ್ಪಂದ ಊರ್ಜಿತ’, ‘ವೀಸಾ ಸಿಕ್ಕರೆ ಮಾತ್ರ’ ಎಂಬ ಸಾಲು ಕಂಡರೆ ವಕೀಲರಿಗೆ ತೋರಿಸಿ. ಒಪ್ಪಂದದ ಮಾನ್ಯತೆಯನ್ನು ಇವೆರಡರ ಮೇಲೆ ನಿಲ್ಲಿಸುವಂತಿಲ್ಲ ಎಂದು ಫಿಫಾ ನಿಯಮ ಹೇಳುತ್ತದೆ. ಪರೀಕ್ಷೆ ಮಾಡಿಸುವುದಿದ್ದರೆ ಸಹಿಗೆ ಮುಂಚೆ ಮಾಡಿಸಲಿ. ಕ್ಲಬ್ ಮಾತ್ರ ತನ್ನಿಷ್ಟದಂತೆ ಒಂದು ವರ್ಷ ಮುಂದುವರಿಸಬಹುದು ಎನ್ನುವ ಸಾಲನ್ನೂ ಹುಷಾರಾಗಿ ನೋಡಿ. ನೀವು ಎರಡನೇ ಕೀಪರ್ ಆಗಿ ಸಿಕ್ಕಿಬೀಳುವುದು ಅಲ್ಲೇ.

ಈಗ ಬಹಳ ಮಂದಿಗೆ ಗೊತ್ತಿಲ್ಲದ ವಿಷಯ, ತರಬೇತಿ ಪರಿಹಾರ. 23 ವರ್ಷದೊಳಗೆ ನೀವು ವಿದೇಶಿ ಕ್ಲಬ್‌ಗೆ ವೃತ್ತಿಪರರಾಗಿ ಹೋದರೆ, 12ನೇ ವಯಸ್ಸಿನಿಂದ ನಿಮ್ಮನ್ನು ಬೆಳೆಸಿದ ಕ್ಲಬ್‌ಗಳಿಗೆ ಆ ಹೊಸ ಕ್ಲಬ್ ಹಣ ಕೊಡಬೇಕು. ತರಬೇತಿಗೆ ಮಾಡುವ ಖರ್ಚಿನ ಪ್ರಕಾರ ಕ್ಲಬ್‌ಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದ್ದಾರೆ, ಮೊತ್ತ ಹೊಸ ಕ್ಲಬ್‌ನ ದರ್ಜೆಯ ಮೇಲೆ ನಿಂತಿದೆ. ಯುರೋಪಿನ ಮೂರನೇ ದರ್ಜೆಯ ಕ್ಲಬ್ ಆದರೆ 16ನೇ ವಯಸ್ಸಿನಿಂದ ಪಡೆದ ತರಬೇತಿಯ ಒಂದು ವರ್ಷಕ್ಕೆ 30,000 ಯೂರೊ, ಅದಕ್ಕೂ ಮುಂಚಿನ ವರ್ಷಗಳಿಗೆ ಕಡಿಮೆ. ನಾಲ್ಕು ವರ್ಷ ಲೆಕ್ಕ ಹಾಕಿ ನೋಡಿ. ನಿಮ್ಮನ್ನು ಮೆಚ್ಚಿದ ಕ್ಲಬ್ ಇದನ್ನು ಕಂಡು ಹಿಂದೆ ಸರಿಯಬಹುದು. ನಾಲ್ಕನೇ ದರ್ಜೆಯ ಕ್ಲಬ್‌ಗೆ ಹೋದರೆ ಈ ಪರಿಹಾರ ಬೇಕಿಲ್ಲ. ಇಲ್ಲಿನ ಕ್ಲಬ್ ‘ನಮಗೆ ಪರಿಹಾರ ಬೇಡ’ ಎಂದು ಲಿಖಿತವಾಗಿ ಕೊಟ್ಟರೂ ದಾರಿ ಸುಗಮ. ಆದರೆ ಇದು ಅವರ ಹಕ್ಕಿನ ಹಣ. ಮಕ್ಕಳನ್ನು ಬೆಳೆಸಲು ಹೆಣಗುವ ಸಣ್ಣ ಕ್ಲಬ್‌ಗಳಿಗೆ ಅದು ದೊಡ್ಡ ಆಸರೆ. ಜಗಳ ಬೇಡ, ಕೂತು ಮಾತಾಡಿ, ಸ್ವಲ್ಪ ಕಡಿಮೆ ಮೊತ್ತಕ್ಕೆ ಒಪ್ಪಿಸಲು ನೋಡಿ.

ಹಂತ 9: ಐಟಿಸಿ ಮತ್ತು ವೀಸಾ

ಐಟಿಸಿ ಅಂದರೆ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ. ಹೊಸ ದೇಶದ ಫೆಡರೇಶನ್ ಕೇಳುತ್ತದೆ, ಎಐಎಫ್‌ಎಫ್ ಕೊಡುತ್ತದೆ. ನೀವು ಅರ್ಜಿ ಹಾಕುವಂಥದ್ದಲ್ಲ, ಆದರೆ ದಿನಾ ವಿಚಾರಿಸಬೇಕಾದ್ದು ನೀವೇ. ಹಳೆ ಕ್ಲಬ್ ಜೊತೆ ಸಂಬಳದ ತಕರಾರು ಇದ್ದರೆ ಮೊದಲೇ ಬಗೆಹರಿಸಿ ಬಿಡುಗಡೆ ಪತ್ರ ತೆಗೆದುಕೊಳ್ಳಿ.

ಕೆಲಸದ ವೀಸಾಗೆ ಸಾಮಾನ್ಯವಾಗಿ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕೇಳುತ್ತಾರೆ. ಅದನ್ನು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಿ ಪಡೆಯಬೇಕು. ಈಗಿನ ವಿಳಾಸ ಪಾಸ್‌ಪೋರ್ಟ್‌ನಲ್ಲಿ ಇಲ್ಲದಿದ್ದರೆ ಠಾಣೆಯ ವಿಚಾರಣೆಗೆ ಸಮಯ ಹಿಡಿಯುತ್ತದೆ. ಜನನ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಬೇಕಾಗಬಹುದು. ಅಂದರೆ ದಾಖಲೆ ಅಸಲಿ ಎಂದು ವಿದೇಶಾಂಗ ಸಚಿವಾಲಯ ಹಾಕಿಕೊಡುವ ಮುದ್ರೆ.

ಹಂತ 10: ಹೋದ ಮೇಲೆ

ಔಷಧಿ ವಿಚಾರ ಮೊದಲು. ಊರಿನಿಂದ ಲೇಹ್ಯ, ಜಿಮ್‌ನವರು ಕೊಟ್ಟ ಪುಡಿ, ಕೆಮ್ಮಿನ ಸಿರಪ್ ಯಾವುದನ್ನೂ ತಂಡದ ವೈದ್ಯರಿಗೆ ತೋರಿಸದೆ ಬಾಯಿಗೆ ಹಾಕಬೇಡಿ. ಉದ್ದೀಪನ ಮದ್ದು ಪರೀಕ್ಷೆಯಲ್ಲಿ ‘ಗೊತ್ತಿರಲಿಲ್ಲ’ ಎಂಬ ಮಾತಿನಿಂದ ಪಾರಾಗಲು ಆಗುವುದಿಲ್ಲ. ಉತ್ತರದ ದೇಶಗಳಲ್ಲಿ ಚಳಿಗಾಲದ ಬಿಸಿಲು ಕಮ್ಮಿ, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳು ಬಿ12 ಕೂಡ.

ಸಂಬಳ ನಿಂತರೆ? ಎರಡು ತಿಂಗಳ ಸಂಬಳ ಬಾಕಿಯಾದರೆ, 15 ದಿನ ಗಡುವು ಕೊಟ್ಟು ಕ್ಲಬ್‌ಗೆ ಲಿಖಿತ ನೋಟಿಸ್ ಕೊಡಿ. ಆಗಲೂ ಕೊಡದಿದ್ದರೆ ಒಪ್ಪಂದ ಮುರಿದು ಹೊರಬರುವ ಹಕ್ಕು ನಿಮಗಿದೆ. ಫಿಫಾದ ವಿವಾದ ಮಂಡಳಿಗೆ ಎರಡು ವರ್ಷದೊಳಗೆ ದೂರು ಕೊಡಬೇಕು. ವಾಟ್ಸಾಪ್‌ನಲ್ಲಿ ಗೋಗರೆಯುತ್ತಾ ಆರು ತಿಂಗಳು ಕಳೆಯಬೇಡಿ. ಮೊದಲ ದಿನದಿಂದ ಪ್ರತಿ ಸಂಬಳದ ಚೀಟಿ, ಬ್ಯಾಂಕ್ ವಿವರ ಜೋಪಾನವಾಗಿಡಿ.

ಬ್ಯಾಂಕಿನಲ್ಲಿ ನಿಮ್ಮ ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಾಯಿಸಬೇಕು. ಉದ್ಯೋಗಕ್ಕೆ ಹೊರಟವರು ಒಂದು ಹಣಕಾಸು ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ತೆರಿಗೆ ಲೆಕ್ಕಕ್ಕೆ ಅನಿವಾಸಿ. ನಾರ್ವೆ, ಸ್ವೀಡನ್‌ಗಳ ಸೀಸನ್ ವಸಂತದಲ್ಲಿ ಶುರುವಾಗಿ ವರ್ಷದ ಕೊನೆಗೆ ಮುಗಿಯುತ್ತದೆ, ನಮ್ಮ ಹಣಕಾಸು ವರ್ಷ ಏಪ್ರಿಲ್‌ನಿಂದ. ಹೋಗಿ ಬರುವ ದಿನಾಂಕಗಳನ್ನು ಒಬ್ಬ ಲೆಕ್ಕಪರಿಶೋಧಕರಿಗೆ ಮೊದಲೇ ತೋರಿಸಿ.

ಆರು ತಿಂಗಳಾದರೂ ಪಂದ್ಯ ಸಿಗದಿದ್ದರೆ ಕೋಚ್ ಬಳಿ ನೇರವಾಗಿ ಕೇಳಿ. ಎರಡನೇ ತಂಡದಲ್ಲಾದರೂ ಆಡಿಸಿ, ಇಲ್ಲವೇ ಕೆಳಗಿನ ಕ್ಲಬ್‌ಗೆ ಸಾಲದ ಮೇಲೆ ಕಳಿಸಿ ಎನ್ನಿ. ಸಾಲದ ಮೇಲೆ ಅಂದರೆ ಒಪ್ಪಂದ ಈ ಕ್ಲಬ್ ಜೊತೆಗೇ ಇದ್ದು, ಒಂದು ಅವಧಿಗೆ ಬೇರೆ ಕಡೆ ಆಡುವುದು. ವಾಪಸ್ ಊರಿಗೆ ಬಂದು ಆಡುವುದಾದರೂ ಇದೇ ಐಟಿಸಿ ಮತ್ತೆ ಬೇಕು, ಅದೂ ಇಲ್ಲಿನ ನೋಂದಣಿ ಅವಧಿಯೊಳಗೆ. ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ಗಳಿಗೆ ನೋಂದಣಿ ಆಗಬಹುದು, ಆದರೆ ಸಾಮಾನ್ಯವಾಗಿ ಎರಡಕ್ಕೆ ಮಾತ್ರ ಅಧಿಕೃತ ಪಂದ್ಯ ಆಡಬಹುದು. ಇಲ್ಲಿ ಸೂಪರ್ ಡಿವಿಷನ್‌ನಲ್ಲಿ ಒಂದು ಕ್ಲಬ್, ಜನವರಿಯಲ್ಲಿ ಹೊರಗೆ ಇನ್ನೊಂದು ಕ್ಲಬ್ ಎಂದು ಆಡಿ ಮುಗಿಸಿದ್ದರೆ ಅದೇ ಸೀಸನ್‌ನಲ್ಲಿ ಮೂರನೆಯದಕ್ಕೆ ಸಹಿ ಹಾಕುವ ಮುನ್ನ ಎಐಎಫ್‌ಎಫ್‌ನಿಂದ ಲಿಖಿತ ಉತ್ತರ ತರಿಸಿಕೊಳ್ಳಿ.